ಹುಳುವಿನ ಚಿತ್ರಕ್ಕೂ ವಿಳಾಸ ಬೇಕು

ಉತ್ತರ ಕನ್ನಡದ ಯಲ್ಲಾಪುರದ ಕಾಡಿನ ಮುರಕಲ್ಲಿನ ಸಂದುಗಳಲ್ಲಿ ಒಂದು ಏಡಿ ಬದುಕುತ್ತದೆ. ಅದರ ಬೆನ್ನಿನ ಚಿಪ್ಪು ಬಿಳಿ, ಕಾಲು ಮತ್ತು ಇಕ್ಕುಳಗಳು ಕೆನ್ನೇರಳೆ. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಜೀವಿಯಾದರೂ ಒಮ್ಮೆ ಕಂಡರೆ ಮರೆಯಲಾಗದ ಬಣ್ಣ. ಆದರೂ 2022ರವರೆಗೆ ವಿಜ್ಞಾನದಲ್ಲಿ ಅದಕ್ಕೆ ಹೆಸರಿರಲಿಲ್ಲ. ಅರಣ್ಯ ರಕ್ಷಕ ಪರಶುರಾಮ ಭಜಂತ್ರಿ ಮತ್ತು ನಿಸರ್ಗಾಸಕ್ತ ಗೋಪಾಲಕೃಷ್ಣ ಹೆಗಡೆ ಅವರು ಏಡಿಗಳ ತಜ್ಞರೊಂದಿಗೆ ಸೇರಿ ಅದನ್ನು ದಾಖಲಿಸಿದ ಮೇಲೆ ‘ಘಾಟಿಯಾನ ದ್ವಿವರ್ಣ’ ಎಂಬ ಹೆಸರು ಬಂತು. ಹಳಿಯಾಳ, ಜೋಯಿಡಾ, ಮುಂಡಗೋಡ ಮೂರಕ್ಕೂ ಯಲ್ಲಾಪುರ ನೆರೆಯ ತಾಲ್ಲೂಕು. ಅಲ್ಲಿನ ಕಲ್ಲುಸಂದಿನಲ್ಲಿ ಇಂಥ ಜೀವಿ ಇಷ್ಟು ಕಾಲ ಹೆಸರಿಲ್ಲದೆ ಇತ್ತೆಂದರೆ ಈಚೆಗಿನ ಕಾಡು, ತೋಟ, ಗದ್ದೆಗಳಲ್ಲಿ ನಾವು ನೋಡದೆ ಬಿಟ್ಟಿರುವುದು ಎಷ್ಟಿರಬಹುದು? ದಾಂಡೇಲಿಗೆ ಬರುವವರ ಕ್ಯಾಮೆರಾಗಳು ಮಂಗಟ್ಟೆ ಹಕ್ಕಿಯನ್ನೂ ಕರಿಚಿರತೆಯನ್ನೂ ಕಾಯುತ್ತವೆ. ಕಾಲಬುಡದ ದರಕಿನೊಳಗೆ ಸುರುಳಿ ಸುತ್ತಿ ಮಲಗಿರುವ ಚೋರಟೆಗೆ ಅಷ್ಟು ದೂರದಿಂದ ಬಂದವರು ಯಾರೂ ಇಲ್ಲ. ಆದರೆ ಹೊಸದಾಗಿ ತಿಳಿಯಬೇಕಾದ್ದು ಹೆಚ್ಚು ಉಳಿದಿರುವುದು ಈ ಸಣ್ಣವರ ಲೋಕದಲ್ಲೇ. ಅದನ್ನು ದಾಖಲಿಸಲು ಸಾಮಾನ್ಯ ಮೊಬೈಲ್ ಹಿಡಿದ ಕೈಯೂ ಸಾಕು.

ಸಾಕು ಎನ್ನುವಾಗ ಒಂದು ಷರತ್ತಿದೆ, ಈ ಲೇಖನದ ವಾದವೂ ಅದೇ. ಸಣ್ಣ ಜೀವಿಯ ಚಿತ್ರದ ಬೆಲೆ ಅದು ಎಷ್ಟು ದೊಡ್ಡದಾಗಿ, ಎಷ್ಟು ಚೂಪಾಗಿ ಬಂದಿದೆ ಎಂಬುದರ ಮೇಲೆ ನಿಂತಿಲ್ಲ. ಆ ಜೀವಿ ಎಲ್ಲಿತ್ತು, ಯಾವಾಗ ಕಂಡಿತು, ಯಾವ ಗಿಡ ಅಥವಾ ಕಲ್ಲಿನ ಮೇಲಿತ್ತು, ಏನು ಮಾಡುತ್ತಿತ್ತು ಎಂಬುದನ್ನು ಚಿತ್ರ ಉಳಿಸಿಕೊಂಡಿದೆಯೇ ಎಂಬುದರ ಮೇಲೆ ನಿಂತಿದೆ. ಇದನ್ನೇ ಇಲ್ಲಿ ಚಿತ್ರದ ವಿಳಾಸ ಎಂದು ಕರೆಯುತ್ತೇನೆ. ಕಪ್ಪು ಹಿನ್ನೆಲೆಯಲ್ಲಿ ಮಿಂಚುವ ಜೇಡನ ಕಣ್ಣುಗಳು ಗೋಡೆಯ ಮೇಲೆ ಚೆಂದ ಕಾಣಬಹುದು. ಆದರೆ ಆ ಜೇಡ ಜೋಯಿಡಾದ್ದೋ ಜಾವಾದ್ದೋ ಎಂದು ಹೇಳಲಾಗದಿದ್ದರೆ ಅದು ಅಂಚೆಚೀಟಿಯಿದ್ದೂ ವಿಳಾಸವಿಲ್ಲದ ಕಾಗದದಂತೆ.

ಒಂದೇ ಮಳೆ, ನಾಲ್ಕು ಊರು

ವಿಳಾಸಕ್ಕೆ ಇಷ್ಟು ಒತ್ತು ಕೊಡಲು ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳ ನೆಲವೇ ಮೊದಲ ಕಾರಣ. ಗೋವಾ ಗಡಿಯ ಕ್ಯಾಸಲ್‌ರಾಕ್‌ನಿಂದ ಮುಂಡಗೋಡಕ್ಕೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಕೂಡ ಆಗುವುದಿಲ್ಲ. ಅಷ್ಟರೊಳಗೆ ಜೋಯಿಡಾದ ನಿತ್ಯಹರಿದ್ವರ್ಣದ ಕಾಡು ಮುಗಿದು, ದಾಂಡೇಲಿಯ ಸುತ್ತಲಿನ ಎಲೆ ಉದುರುವ ಕಾಡು ಬಂದು, ಹಳಿಯಾಳದ ಸಾಗವಾನಿ ನೆಡುತೋಪು ಮತ್ತು ಗದ್ದೆಬಯಲು ದಾಟಿ, ಮುಂಡಗೋಡದ ಕೆರೆಗಳ ಅರೆಮಲೆನಾಡು ಎದುರಾಗುತ್ತದೆ. ಪಶ್ಚಿಮದಿಂದ ಬರುವ ಮಳೆ ಹೆಜ್ಜೆಹೆಜ್ಜೆಗೂ ಕಡಿಮೆಯಾಗುತ್ತ ಹೋಗುತ್ತದೆ. ಆನೆಗೆ ಈ ದೂರ ಕೆಲವು ದಿನಗಳ ನಡಿಗೆ. ಬಂಡೆಯ ಸಂದನ್ನು ಬಿಟ್ಟು ಹೋಗದ ಏಡಿಗೆ, ಹಳ್ಳದ ಸದ್ದಿನಾಚೆ ಬದುಕಲಾರದ ಕಪ್ಪೆಗೆ ಅದು ದಾಟಲಾಗದ ದೂರ. ಹೀಗಾಗಿ ಎರಡು ಹಳ್ಳಗಳ ಕಪ್ಪೆಗಳು ನೋಡಲು ಒಂದೇ ಥರವಿದ್ದರೂ ಬೇರೆ ಬೇರೆ ಪ್ರಭೇದಗಳಾಗಿರಬಹುದು. 2014ರಲ್ಲಿ ಎಸ್.ಡಿ. ಬಿಜು ಅವರ ತಂಡ ಪಶ್ಚಿಮ ಘಟ್ಟದಿಂದ ಒಂದೇ ಸಲಕ್ಕೆ 14 ಹೊಸ ಕುಣಿಯುವ ಕಪ್ಪೆಗಳನ್ನು ವಿವರಿಸಿತು. ಹಿಂಗಾಲನ್ನು ಚಾಚಿ ಬೀಸಿ ಎದುರಾಳಿಗೆ ಸನ್ನೆ ಮಾಡುವ ಈ ಪುಟ್ಟ ಕಪ್ಪೆಗಳು ಹರಿವ ಹಳ್ಳಗಳನ್ನೇ ನಂಬಿದವು. ‘ಉತ್ತರ ಕನ್ನಡದ ಕಪ್ಪೆ’ ಎಂದು ಬರೆದರೆ ಇಂಥ ಜೀವಿಯ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಯಾವ ಊರಿನ, ಯಾವ ಹಳ್ಳ ಎಂಬುದೇ ಅದರ ಗುರುತು.

ಎಲ್ಲಿ, ಯಾವಾಗ ನೋಡಬೇಕು ಎಂಬುದಕ್ಕೂ ಇದೇ ಲೆಕ್ಕ. ಜೂನ್ ತಿಂಗಳ ಮೊದಲ ಮಳೆಗಳಲ್ಲಿ ಜೋಯಿಡಾದ ತೋಟ, ಹಳ್ಳದಂಚು, ಮನೆಯಂಗಳಗಳು ತುಂಬಿಕೊಳ್ಳುತ್ತವೆ. ನೀರಿನ ಮೇಲೆ ಚಾಚಿದ ಕೊಂಬೆಗೆ ನೊರೆಗೂಡು ಕಟ್ಟುವ ಹಾರುವ ಮರಗಪ್ಪೆ, ಒದ್ದೆ ಕಲ್ಲಿನ ಮೇಲೆ ಸುತ್ತಿಗೆಯಂಥ ತಲೆ ಆಡಿಸುತ್ತ ಜಾರುವ ಚಪ್ಪಟೆ ಹುಳು, ಮುಟ್ಟಿದರೆ ಗೋಲಿಯಂತೆ ಉರುಟಾಗುವ ಚೋರಟೆ ಆಗ ಹೊರಬರುತ್ತವೆ. ಮಣ್ಣು ಅಗೆಯುವಾಗ ಕಾಣುವ, ಎರೆಹುಳದಂಥ ಮೈಯ ಕಾಲಿಲ್ಲದ ಉಭಯಚರಿ ಸಿಸಿಲಿಯನ್ ಇದೇ ಕಾಲದ್ದು. ಅದನ್ನು ಎರಡು ತಲೆ ಹಾವೆಂದು ಹೆದರಿ ಕೊಲ್ಲುವುದುಂಟು. ಅದು ಹಾವಲ್ಲ, ಕಪ್ಪೆಯ ನಂಟ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಳೆ ತಗ್ಗಿದಾಗ ದಾಂಡೇಲಿ, ಹಳಿಯಾಳದ ದಾರಿಬದಿಯಲ್ಲಿ ಜೇಡಗಳ ದೊಡ್ಡ ಬಲೆಗಳು ತುಂಬಾ ಕಾಣುತ್ತವೆ. ಚಳಿಗಾಲದ ಇಬ್ಬನಿಯ ಬೆಳಗು ಹಳಿಯಾಳ, ಮುಂಡಗೋಡದ ಗದ್ದೆಬದು ಮತ್ತು ಕೆರೆಯೇರಿಗಳಿಗೆ ಮೀಸಲಾಗಲಿ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಡ್ರ್ಯಾಗನ್‌ಫ್ಲೈ ಮೈಮೇಲೆ ಹನಿ ಹೊತ್ತು, ಬಿಸಿಲು ಏರುವವರೆಗೆ ಕದಲದೆ ಕೂತಿರುತ್ತದೆ. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮಕ್ಕೆ ಹಕ್ಕಿ ನೋಡಲು ಹೋದವರು ಒಂದು ಗಂಟೆ ನೆಲ ನೋಡಿದರೆ ನಷ್ಟವೇನಿಲ್ಲ. ಬೇಸಿಗೆಯ ಒಣ ಮಣ್ಣಿನಲ್ಲಿ ಲಾಳಿಕೆಯಾಕಾರದ ಸಣ್ಣ ಗುಂಡಿಗಳು ಕಂಡರೆ ಅವುಗಳ ತಳದಲ್ಲಿ ಇರುವೆ ಸಿಂಹದ ಮರಿ ಬಾಯ್ದೆರೆದು ಕಾಯುತ್ತಿರುತ್ತದೆ. ಮೇ ಕೊನೆಯ ಹೊತ್ತಿಗೆ ಮಿಂಚುಹುಳಗಳ ಸರದಿ. ಇವುಗಳಲ್ಲಿ ಹೆಚ್ಚಿನವಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೋಗಬೇಕಾಗಿಯೇ ಇಲ್ಲ ಎಂಬುದನ್ನು ಗಮನಿಸಿ. ಅಡಿಕೆ ತೋಟದ ಕಾಲುವೆ, ಮೋರಿಯ ಕೆಳಗಿನ ತೇವ, ಶಾಲೆಯ ಹಿತ್ತಿಲು, ಹೋಂಸ್ಟೇಯ ಅಂಗಳದ ದೀಪ ಇಷ್ಟೇ ಸಾಕಾಗುತ್ತದೆ.

ವಿಳಾಸ ಉಳಿಸಿದ ಎರಡು ಚಿತ್ರಗಳು

ಹವ್ಯಾಸಿಯ ಚಿತ್ರದಿಂದ ಏನಾದೀತು ಎಂಬ ಸಂಶಯಕ್ಕೆ ಎರಡು ಉದಾಹರಣೆಗಳು ಉತ್ತರವಾಗುತ್ತವೆ. ಮಲೇಷ್ಯಾದ ಸೆಲಾಂಗೊರ್‌ನ ಕಾಡಿನಲ್ಲಿ ಗುಎಕ್ ಹಾಕ್ ಪಿಂಗ್ ಎಂಬ ಛಾಯಾಗ್ರಾಹಕ ಹಸಿರು ರೆಕ್ಕೆಯ ಲೇಸ್‌ವಿಂಗ್ ಕೀಟವೊಂದರ ಚಿತ್ರ ತೆಗೆದು ಫ್ಲಿಕರ್ ತಾಣದಲ್ಲಿ ಹಾಕಿದರು. ರೆಕ್ಕೆಯ ಮೇಲಿನ ಕಪ್ಪು ಗುರುತುಗಳು ಕ್ಯಾಲಿಫೋರ್ನಿಯಾದ ಕೀಟಶಾಸ್ತ್ರಜ್ಞ ಶಾನ್ ವಿಂಟರ್ಟನ್ ಅವರ ಕಣ್ಣಿಗೆ ಬಿದ್ದವು. ಅವರಿಗೆ ಗೊತ್ತಿದ್ದ ಯಾವ ಕೀಟಕ್ಕೂ ಅವು ಹೊಂದಲಿಲ್ಲ. ಚಿತ್ರವೊಂದರಿಂದಲೇ ಹೊಸ ಪ್ರಭೇದ ಎಂದು ಸಾರಲಾಗದು, ಮಾದರಿ ಬೇಕಿತ್ತು. ಎಲ್ಲಿ ತೆಗೆದದ್ದು ಎಂಬುದು ಛಾಯಾಗ್ರಾಹಕರಿಗೆ ಖಚಿತವಾಗಿ ಗೊತ್ತಿದ್ದರಿಂದ ಮತ್ತೆ ಅಲ್ಲಿಗೇ ಹೋಗಿ ಮಾದರಿ ಹುಡುಕಲು ಸಾಧ್ಯವಾಯಿತು. 2012ರಲ್ಲಿ ಅದು ‘ಸೆಮಾಕ್ರೈಸಾ ಜೇಡ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಎರಡನೆಯದು ನಮ್ಮ ದೇಶದ್ದೇ. 2020ರಲ್ಲಿ ಹಿಮಾಚಲದ ಚಂಬಾ ಜಿಲ್ಲೆಯ ವಿದ್ಯಾರ್ಥಿ ವೀರೇಂದ್ರ ಭಾರದ್ವಾಜ್ ಊರಿನ ಹತ್ತಿರ ಕಂಡ ಹಾವಿನ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಹಾವುಗಳ ತಜ್ಞರು ಅದನ್ನು ನೋಡಿ ಅನುಮಾನಪಟ್ಟರು, ಸ್ಥಳಕ್ಕೆ ಮರಳಿ ಹುಡುಕಾಟ ನಡೆಯಿತು, 2021ರಲ್ಲಿ ‘ಒಲಿಗೊಡಾನ್ ಚುರಾಹೆನ್ಸಿಸ್’ ಎಂಬ ಹೊಸ ಕುಕ್ರಿ ಹಾವು ವಿಜ್ಞಾನಕ್ಕೆ ಸೇರಿತು. ಎರಡೂ ಕಡೆ ಕೆಲಸ ಮುಂದುವರಿದದ್ದು ಆ ಜಾಗಕ್ಕೆ ಮರಳುವ ದಾರಿ ಉಳಿದಿದ್ದರಿಂದ.

ಜಾಗದಷ್ಟೇ ಮುಖ್ಯವಾದದ್ದು ಸಂದರ್ಭ. ಉತ್ತರ ಕನ್ನಡದ ಕತ್ತಲೆಕಾನಿನ ‘ಕುಂಬಾರ ಕಪ್ಪೆ’ಯನ್ನು ತೆಗೆದುಕೊಳ್ಳಿ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂದು ಹೆಸರಿಟ್ಟ ಈ ರಾತ್ರಿಗಪ್ಪೆಯ ಮುಖವನ್ನಷ್ಟೇ ತುಂಬುಚೌಕಟ್ಟಿನಲ್ಲಿ ತೆಗೆದರೆ ಹಳ್ಳದ ಇನ್ಯಾವುದೇ ಕಂದು ಕಪ್ಪೆಯಂತೆ ಕಾಣುತ್ತದೆ. ಅದರ ಸೋಜಿಗವಿರುವುದು ಮೊಟ್ಟೆಯಿಟ್ಟ ಮೇಲೆ. ಗಂಡು ಮುಂಗಾಲುಗಳಿಂದ ಹಳ್ಳದ ಕೆಸರೆತ್ತಿ, ನೀರಿನ ಮೇಲಿನ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಕುಂಬಾರನಂತೆ ಮೆತ್ತುತ್ತದೆ. ಕಡ್ಡಿ, ಕೆಸರು, ನೀರು, ಕಪ್ಪೆ ನಾಲ್ಕೂ ಚಿತ್ರದಲ್ಲಿದ್ದರೆ ಮಾತ್ರ ಆ ಕಥೆ ಇದೆ. ಇರುವೆಯ ವೇಷದ ಜೇಡದ್ದೂ ಹಾಗೆಯೇ. ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಯನ್ನು ಯಥಾವತ್ತು ಹೋಲುವ ಜಿಗಿಜೇಡವೊಂದಿದೆ. ಮುಂದಿನ ಜೋಡಿ ಕಾಲುಗಳನ್ನು ಇರುವೆಯ ಮೀಸೆಯಂತೆ ಎತ್ತಿ ಆಡಿಸುತ್ತದೆ. ಕಾಲು ಎಂಟಿರುವುದೂ, ಅಪಾಯ ಕಂಡರೆ ನೂಲು ಬಿಟ್ಟು ಇಳಿಯುವುದೂ ಅದರ ಗುಟ್ಟು ಬಿಟ್ಟುಕೊಡುತ್ತವೆ. ಅದೇ ಕೊಂಬೆಯ ಚಗಳಿ ಗೂಡು ಚಿತ್ರದ ಹಿನ್ನೆಲೆಯಲ್ಲಿ ಇಲ್ಲದಿದ್ದರೆ ಆ ವೇಷಕ್ಕೆ ಅರ್ಥವೇ ಬರುವುದಿಲ್ಲ.

ಐದು ಚಿತ್ರಗಳ ರೂಢಿ

ಆದ್ದರಿಂದ ಒಂದು ಜೀವಿಗೆ ಒಂದೇ ಚಿತ್ರ ತೆಗೆದು ಮುಂದೆ ಹೋಗಬಾರದು. ಮೊದಲನೆಯ ಚಿತ್ರ ದೂರದಿಂದ, ಜಾಗದ್ದು: ಹಳ್ಳವೋ ಬದುವೋ ಮರದ ಬುಡವೋ ತಿಳಿಯಬೇಕು. ಎರಡನೆಯದರಲ್ಲಿ ಜೀವಿ ತಾನು ಕೂತ ಎಲೆ ಅಥವಾ ಕಲ್ಲಿನ ಸಮೇತ ಇಡಿಯಾಗಿ ಬರಬೇಕು. ಮೂರನೆಯದು ನೇರ ಮೇಲಿನಿಂದ, ನಾಲ್ಕನೆಯದು ಪಕ್ಕದಿಂದ ಅದರ ಕಣ್ಣಿನ ಮಟ್ಟಕ್ಕೆ ಇಳಿದು. ಐದನೆಯದು ಗುರುತಿಗೆ ಬೇಕಾದ ಅಂಗದ್ದು, ಇದು ಜೀವಿಯಿಂದ ಜೀವಿಗೆ ಬದಲಾಗುತ್ತದೆ. ಕಪ್ಪೆಯಾದರೆ ಬೆರಳ ತುದಿ, ಹಿಂಗಾಲಿನ ಜಾಲಪೊರೆ ಮತ್ತು ಕಿವಿತಮಟೆಯ ಭಾಗ. ಜೊತೆಗೆ ಮೊಬೈಲ್‌ನಲ್ಲಿ ಒಂದು ನಿಮಿಷ ಕೂಗಿನ ದಾಖಲೆ, ಏಕೆಂದರೆ ಎಷ್ಟೋ ಕಪ್ಪೆಗಳನ್ನು ಕೂಗಿನಿಂದಲೇ ಹೆಚ್ಚು ಖಚಿತವಾಗಿ ಗುರುತಿಸಬಹುದು. ಜೇಡವಾದರೆ ಕಣ್ಣುಗಳ ಜೋಡಣೆ, ಹೊಟ್ಟೆಯ ಅಡಿಭಾಗ, ಬಲೆಯ ವಿನ್ಯಾಸ. ಡ್ರ್ಯಾಗನ್‌ಫ್ಲೈಗೆ ಎದೆಯ ಪಕ್ಕದ ಪಟ್ಟೆ ಮತ್ತು ಬಾಲದ ತುದಿ. ಚಿಟ್ಟೆಗೆ ರೆಕ್ಕೆಯ ಎರಡೂ ಮೈ. ಬಸವನಹುಳಕ್ಕೆ ಚಿಪ್ಪಿನ ಬಾಯಿ. ಏಡಿಗೆ ಬೆನ್ನು ಮತ್ತು ಎದುರಿನ ನೋಟ. ಮರಿಹುಳವಾದರೆ ಅದು ತಿನ್ನುತ್ತಿರುವ ಗಿಡದ ಎಲೆ, ಹೂವು. ಗಿಡ ಗೊತ್ತಾದರೆ ಹುಳುವಿನ ಗುರುತು ಅರ್ಧ ಮುಗಿದಂತೆ. ಅಳತೆಗೆಂದು ಜೀವಿಯ ಪಕ್ಕ ನಾಣ್ಯ ಇಟ್ಟು ಹೆದರಿಸುವುದು ಬೇಡ. ಅದು ಹೋದ ಮೇಲೆ ಕೂತಿದ್ದ ಎಲೆಯನ್ನು ಅಳೆದರೆ ಆಯಿತು. ಕೊನೆಗೆ ಊರಿನ ಹೆಸರು, ದಿನ, ಹೊತ್ತು, ಮಳೆಯೋ ಬಿಸಿಲೋ, ಏನು ಮಾಡುತ್ತಿತ್ತು ಇವಿಷ್ಟನ್ನು ಎರಡು ಸಾಲಿನಲ್ಲಿ ಬರೆದಿಡಿ. ಆ ಊರಿನವರು ಅದಕ್ಕೆ ಏನೆನ್ನುತ್ತಾರೆ ಎಂದೂ ಕೇಳಿ ಬರೆಯಿರಿ. ಜೋಯಿಡಾದ ಕುಣಬಿಗಳಿಗೆ, ಹಳಿಯಾಳ–ಮುಂಡಗೋಡದ ಸಿದ್ದಿ ಮತ್ತು ಗೌಳಿಗಳಿಗೆ ಕಾಡಿನ ಜೀವಿಗಳ ಪರಿಚಯ ತಲೆಮಾರುಗಳದ್ದು. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕುವ ವಿಜ್ಞಾನಿ ಹಳ್ಳಿಯ ಮಂದಣ್ಣನ ಕಣ್ಣನ್ನು ನಂಬುತ್ತಾನೆ. ಆ ನಂಬಿಕೆ ಕಾದಂಬರಿಗೆ ಮಾತ್ರ ಸೀಮಿತವಾಗಬೇಕಿಲ್ಲ.

ಬೆಲೆಬಾಳುವ ಕ್ಯಾಮೆರಾ ಇಲ್ಲದೆ ಇದಾಗದು ಎಂಬುದು ಸಾಮಾನ್ಯ ಆಕ್ಷೇಪ. ಅದರಲ್ಲಿ ಸ್ವಲ್ಪ ನಿಜವಿದೆ: ಅಕ್ಕಿಕಾಳಿಗಿಂತ ಸಣ್ಣ ಜೀವಿಗೆ 90ರಿಂದ 105 ಮಿಲಿಮೀಟರಿನ ಮ್ಯಾಕ್ರೊ ಲೆನ್ಸಿಗೆ ಸಮನಾದದ್ದು ಕಡಿಮೆ. ಆದರೆ ಮೇಲೆ ಹೇಳಿದ ಐದರಲ್ಲಿ ಮೊದಲ ಎರಡಕ್ಕೆ ಮೊಬೈಲೇ ಉತ್ತಮ. ಉಳಿದವುಗಳಿಗೆ ಕ್ಲಿಪ್ ಹಾಕುವ ಸಣ್ಣ ಮ್ಯಾಕ್ರೊ ಲೆನ್ಸ್ ಸೇರಿಸಿದರೆ ಬಹುಪಾಲು ಕೆಲಸ ಆಗುತ್ತದೆ. ಹಳೆಯ ಎಸ್‌ಎಲ್‌ಆರ್ ಇದ್ದವರು 50 ಮಿಲಿಮೀಟರಿನ ಲೆನ್ಸನ್ನು ಉಂಗುರ ಹಾಕಿ ತಿರುಗಿಸಿ ಜೋಡಿಸಬಹುದು, ಅಥವಾ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಸೇರಿಸಬಹುದು. ನಿಜವಾದ ಕಷ್ಟ ಬೆಳಕಿನದು. ಜೀವಿಯನ್ನು ಅದರ ನಿಜಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡಿಸುವಷ್ಟು ಹತ್ತಿರ ಹೋದಾಗ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರ್ ಆಸುಪಾಸಿಗೆ ಇಳಿಯುತ್ತದೆ. ಉಸಿರೆಳೆದರೂ ಫೋಕಸ್ ತಪ್ಪುತ್ತದೆ. ಆಳ ಹೆಚ್ಚಿಸಲು ರಂಧ್ರವನ್ನು ಎಫ್ 8 ಅಥವಾ ಎಫ್ 11ಕ್ಕೆ ಕಿರಿದಾಗಿಸಿದರೆ ಬೆಳಕು ಸಾಲುವುದಿಲ್ಲ, ಜೋಯಿಡಾದ ಮಳೆಗಾಲದ ಕಾಡಿನಲ್ಲಂತೂ ಮಧ್ಯಾಹ್ನವೂ ಸಂಜೆಯಂತಿರುತ್ತದೆ. ಆಗ ಫ್ಲ್ಯಾಶ್ ಬೇಕು, ಆದರೆ ಅದನ್ನು ಮೆತ್ತಗಾಗಿಸಿ ಬಳಸಬೇಕು. ಫ್ಲ್ಯಾಶ್ ಮತ್ತು ಜೀವಿಯ ನಡುವೆ ಬಟರ್ ಪೇಪರ್ ಅಥವಾ ತೆಳು ಬಿಳಿ ಫೋಮ್ ಹಾಳೆ ಬಾಗಿಸಿ ಕಟ್ಟಿದರೆ ಏಡಿಯ ಚಿಪ್ಪಿನ ಮೇಲೆ, ಕಪ್ಪೆಯ ಒದ್ದೆ ಮೈಮೇಲೆ ಚುಚ್ಚುವ ಹೊಳಪು ಕರಗುತ್ತದೆ. ಶಟರ್ ವೇಗ 1/160ರಿಂದ 1/200, ಐಎಸ್‌ಒ 200ರಿಂದ 400 ಎಂದು ಶುರುಮಾಡಿ, ನೋಡಿಕೊಂಡು ಬದಲಿಸಿ. ಮೊಬೈಲಿಗಾದರೆ ಟಾರ್ಚಿನ ಮುಂದೆ ಅದೇ ಹಾಳೆ ಹಿಡಿದು ಪಕ್ಕದಿಂದ ಬೆಳಕು ಕೊಡಿ, ಎದುರು ಬದಿಗೆ ಥರ್ಮೊಕೋಲಿನ ತುಂಡು ಹಿಡಿದರೆ ನೆರಳು ತಿಳಿಯಾಗುತ್ತದೆ. ಫೋಕಸ್ ಕಣ್ಣಿನ ಮೇಲಿರಲಿ, ಮೈಯ ಉದ್ದಕ್ಕೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿಯಿರಿ. ಇರುವ ಒಂದು ಮಿಲಿಮೀಟರ್ ಆಳ ತಲೆಯಿಂದ ಬಾಲದವರೆಗೆ ಸಿಗುತ್ತದೆ. ಹಿನ್ನೆಲೆಯನ್ನು ಪೂರ್ತಿ ಕಪ್ಪಾಗಿಸುವ ಆಸೆಯನ್ನು ಒಂದೆರಡು ಚಿತ್ರಗಳಿಗೆ ಬಿಡಿ, ಉಳಿದವುಗಳಲ್ಲಿ ಕಾಡು ಕಾಣಲಿ.

ಮುಟ್ಟದೆ ತೆಗೆಯುವುದು

ಚೆಂದದ ಚಿತ್ರಕ್ಕಾಗಿ ಜೀವಿಯನ್ನು ಸ್ವಲ್ಪ ಸರಿಸಿದರೆ ಏನು ತಪ್ಪು ಎಂಬ ಪ್ರಶ್ನೆಯನ್ನೂ ಕೇಳುತ್ತಾರೆ. ಹುಳುಗಳನ್ನು ಫ್ರಿಜ್ಜಿನಲ್ಲಿಟ್ಟು ಮಂಕಾಗಿಸಿ, ಕಪ್ಪೆಗಳನ್ನು ಅಣಬೆಯ ಮೇಲೆ ಕೂರಿಸಿ ತೆಗೆದ ಚಿತ್ರಗಳು ಬಹುಮಾನದ ಆಸೆಯಿಂದ ಹುಟ್ಟುತ್ತವೆ. ಅವುಗಳಲ್ಲಿ ಹಿಂಸೆ ಒಂದು ತಪ್ಪು, ಸುಳ್ಳು ಇನ್ನೊಂದು. ನೆಲದ ಕಪ್ಪೆಯನ್ನು ಹೂವಿನ ಮೇಲಿಟ್ಟ ಚಿತ್ರ ಆ ಕಪ್ಪೆಯ ಬಗ್ಗೆ ತಪ್ಪು ವಿಳಾಸ ಬರೆದಂತೆ. ನೋಡಿದವರು ಅದನ್ನೇ ನಿಜವೆಂದು ನಂಬುತ್ತಾರೆ. ದೇಹದ ಕಾರಣವೂ ಇದೆ: ಕಪ್ಪೆಗಳು ಚರ್ಮದಿಂದಲೂ ಉಸಿರಾಡುತ್ತವೆ, ಚರ್ಮದಿಂದಲೇ ನೀರು ಹೀರುತ್ತವೆ. ಸೊಳ್ಳೆ ಮುಲಾಮು ಹಚ್ಚಿದ ಕೈ ತಾಗಿದರೆ ಆ ರಾಸಾಯನಿಕ ಅವುಗಳ ಒಳಕ್ಕೇ ಇಳಿಯುತ್ತದೆ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಪತ್ತೆಯಾಗಿದೆ. ಒಂದು ಹಳ್ಳದ ಕೆಸರು ಮೆತ್ತಿದ ಬೂಟಿನಲ್ಲಿ ಇನ್ನೊಂದು ಹಳ್ಳಕ್ಕೆ ಇಳಿಯುವ ಮುಂಚೆ ತೊಳೆದು ಒಣಗಿಸಬೇಕೆನ್ನುವುದು ಇದಕ್ಕಾಗಿಯೇ. ಕಲ್ಲು ಮಗುಚುವುದು, ಕೊಳೆತ ದಿಮ್ಮಿ ಒಡೆಯುವುದು, ನೊರೆಗೂಡಿನ ಕೊಂಬೆ ಬಗ್ಗಿಸುವುದು ಬೇಡ. ಕೊಂಬೆ ಬಾಗಿದರೆ ಗೊದಮೊಟ್ಟೆಗಳು ನೀರಿಗೆ ಬೀಳಬೇಕಾದ ಜಾಗವೇ ತಪ್ಪುತ್ತದೆ. ರಾತ್ರಿ ಜೀವಿಗೆ ಮಂದ ಬೆಳಕು, ಕಡಿಮೆ ಶಕ್ತಿಯ ಫ್ಲ್ಯಾಶ್, ಹತ್ತಾರರ ಬದಲು ನಾಲ್ಕೈದು ಚಿತ್ರ ಸಾಕು. ಕೂಗುತ್ತಿದ್ದ ಕಪ್ಪೆ ಸುಮ್ಮನಾದರೆ, ಜೇಡ ಬಲೆ ಬಿಟ್ಟು ಓಡಿದರೆ ನಾವು ಹೆಚ್ಚಾದೆವು ಎಂದರ್ಥ. ಕಾನೂನೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಚಿತ್ರ ತೆಗೆಯಲು ಅನುಮತಿ ಬೇಕು. 2022ರ ತಿದ್ದುಪಡಿ ಆವಾಸವನ್ನು ಬದಲಿಸದೆ, ವನ್ಯಜೀವಿಗೆ ತೊಂದರೆ ಮಾಡದೆ ತೆಗೆಯುವ ಚಿತ್ರಕ್ಕೆ ಮಾತ್ರ ಅವಕಾಶ ಕೊಡುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕುಳಗಿ, ಅಣಶಿಯಂಥ ಶಿಬಿರಗಳ ಮೂಲಕ, ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು. ಅನುಮತಿಯಿಲ್ಲದ ರಾತ್ರಿ ನಡಿಗೆ ಕಾಡಿನೊಳಗೆ ಸಲ್ಲದು.

ವಿಳಾಸ ಬರೆದಿಡಬೇಕು ಎಂಬ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿಯಾದ ಆಕ್ಷೇಪ ಬೇರೆಯದೇ. ಅಪರೂಪದ ಜೀವಿಯ ಜಾಗ ಬಹಿರಂಗವಾದರೆ ಜನ ಮುಗಿಬೀಳುತ್ತಾರೆ, ಕಳ್ಳಸಾಗಣೆಯವರೂ ಬರುತ್ತಾರೆ, ಆಗ ವಿಳಾಸವೇ ಶಾಪವಾಗುತ್ತದಲ್ಲ? ಈ ಭಯ ಸುಳ್ಳಲ್ಲ. ಹಾರುವ ಮರಗಪ್ಪೆಯ ಒಂದು ಹೊಂಡದ ಸುದ್ದಿ ಹಬ್ಬಿದರೆ ವಾರಾಂತ್ಯದ ಟಾರ್ಚುಗಳೇ ಆ ಋತುವಿನ ಸಂತಾನವನ್ನು ಕೆಡಿಸಬಲ್ಲವು. ಆದರೆ ಬರೆದಿಡುವುದು ಬೇರೆ, ಬಯಲು ಮಾಡುವುದು ಬೇರೆ. ನಿಖರ ಜಾಗ ನಿಮ್ಮ ಟಿಪ್ಪಣಿಯಲ್ಲಿ ಮತ್ತು ಅಧ್ಯಯನ ಮಾಡುವವರ ಬಳಿ ಇರಲಿ, ಸಾಮಾಜಿಕ ಜಾಲತಾಣದಲ್ಲಿ ‘ಜೋಯಿಡಾ ತಾಲ್ಲೂಕು’ ಎಂದರೆ ಸಾಕು. ಹಂಚುವ ಮೊದಲು ಚಿತ್ರದೊಳಗೆ ಮೊಬೈಲ್ ತಾನೇ ಸೇರಿಸುವ ಜಿಪಿಎಸ್ ಗುರುತನ್ನು ತೆಗೆಯಿರಿ. ಐನ್ಯಾಚುರಲಿಸ್ಟ್‌ನಂಥ ದಾಖಲೆತಾಣದಲ್ಲಿ ಜಾಗವನ್ನು ಮಸುಕು ಮಾಡುವ ಆಯ್ಕೆಯಿದೆ. ಅದನ್ನು ಆರಿಸಿದರೆ ನೋಡುವವರಿಗೆ ಅಕ್ಷಾಂಶ–ರೇಖಾಂಶಗಳ 0.2 ಡಿಗ್ರಿಯ ಚೌಕ, ಎಂದರೆ ಸುಮಾರು 20 ಕಿಲೋಮೀಟರ್ ಅಗಲದ ಪ್ರದೇಶ ಮಾತ್ರ ತಿಳಿಯುತ್ತದೆ, ನಿಖರ ಬಿಂದು ದಾಖಲೆಯಲ್ಲಿ ಸುರಕ್ಷಿತವಾಗಿ ಉಳಿಯುತ್ತದೆ. ಜಾಗವನ್ನು ಎಲ್ಲಿಯೂ ಬರೆಯದೆ ಬಿಟ್ಟರೆ ಜೀವಿ ಉಳಿಯುತ್ತದೆ ಎಂಬುದು ಸಮಾಧಾನ ಮಾತ್ರ. ಆ ಕಲ್ಲುಸಂದಿನ ಮೇಲೆ ನಾಳೆ ರಸ್ತೆ ಬಂದಾಗ ಅಲ್ಲಿ ಏನಿತ್ತು ಎಂದು ಹೇಳಲು ಯಾರ ಬಳಿಯೂ ದಾಖಲೆ ಇರುವುದಿಲ್ಲ.

ಹೆಸರು ಗೊತ್ತಿಲ್ಲದ ಹುಳುವಿನ ಚಿತ್ರ ತೆಗೆದು ಏನು ಪ್ರಯೋಜನ ಎಂದು ಹಿಂಜರಿಯುವವರಿದ್ದಾರೆ. ಹೆಸರು ಕೊಡುವುದು ತಜ್ಞರ ಕೆಲಸ, ಸರಿಯಾಗಿ ನೋಡಿ ಕೊಡುವುದು ನಮ್ಮದು. 2008ರಲ್ಲಿ ಶುರುವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ‘ಜೇಡ, ಹೆಸರು ಗೊತ್ತಿಲ್ಲ’ ಎಂದು ಹಾಕಿದರೂ ತಿಳಿದವರು ಗುರುತಿಸುತ್ತಾರೆ. ಕಪ್ಪೆಗಳಿಗೆ ಗುರುರಾಜ ಅವರ ಫ್ರಾಗ್ ಫೈಂಡ್ ಆ್ಯಪ್ ಇದೆ. ಯಂತ್ರ ತಾನಾಗಿ ಸೂಚಿಸುವ ಹೆಸರನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಬೇಡಿ, ಅನುಮಾನವಿದ್ದರೆ ‘ಜಿಗಿಜೇಡ’ ಎಂಬಷ್ಟಕ್ಕೇ ನಿಲ್ಲಿಸುವುದು ಪ್ರಾಮಾಣಿಕ. ಇನ್ನು ಕೆಲವರ ಮಾತು: ಹುಲಿ ಉಳಿದರೆ ಕಾಡು ಉಳಿಯುತ್ತದೆ, ಕಾಡು ಉಳಿದರೆ ಹುಳುವೂ ಉಳಿಯುತ್ತದೆ, ಪ್ರತ್ಯೇಕ ಚಿಂತೆ ಏಕೆ? ಸಂರಕ್ಷಿತ ಕಾಡಿನೊಳಗೆ ಇದು ಬಹುಮಟ್ಟಿಗೆ ನಿಜ. ಆದರೆ ಹಳಿಯಾಳದ ಗದ್ದೆಬದು, ಮುಂಡಗೋಡದ ಕೆರೆಯಂಚು, ಜೋಯಿಡಾದ ಅಡಿಕೆ ತೋಟದ ಕಾಲುವೆ ಹುಲಿಯ ನೆರಳಿಗೆ ಬರುವುದಿಲ್ಲ. ಹುಲಿ ಇರುವ ಕಾಡಿನ ಹಳ್ಳವೂ ಮೇಲಿನಿಂದ ಬರುವ ಕೊಳೆಗೆ ಹೊರತಲ್ಲ. ಮರಳು, ಕಡ್ಡಿ ಅಂಟಿಸಿ ಮೈಸುತ್ತ ಮನೆ ಕಟ್ಟಿಕೊಳ್ಳುವ ಕ್ಯಾಡಿಸ್ ಹುಳು, ಕಲ್ಲಿಗೆ ಅಂಟಿ ಬದುಕುವ ಮೇಫ್ಲೈ ಮರಿ ಇವು ಕೊಳಕು ನೀರಿನಲ್ಲಿ ಬಾಳಲಾರವು. ನೀರು ಕೆಟ್ಟದ್ದನ್ನು ಹುಲಿಗಿಂತ ಮೊದಲು ಇವೇ ತಿಳಿಸುತ್ತವೆ. ಕಾಡಿನ ದರಕನ್ನು ತಿಂದು ಗೊಬ್ಬರ ಮಾಡುವ ಚೋರಟೆಯಂಥವು ಇಲ್ಲದಿದ್ದರೆ ಹುಲಿ ನಡೆಯುವ ಕಾಡಿಗೆ ಮಣ್ಣೇ ಕೂಡುವುದಿಲ್ಲ.

ಕೆಳಗೆ ಕೂರುವ ಮುನ್ನ

ನೆಲಮಟ್ಟದ ಛಾಯಾಗ್ರಹಣಕ್ಕೆ ತನ್ನದೇ ಅಪಾಯಗಳಿವೆ. ಕಣ್ಣು ಒಂದು ಮಿಲಿಮೀಟರಿನ ಮೇಲೆ ನೆಟ್ಟಾಗ ಪಕ್ಕದ ಎಲೆಯ ಮೇಲಿನ ಗುಳಿಮಂಡಲ ಹಾವು ಕಾಣುವುದಿಲ್ಲ. ಆದ್ದರಿಂದ ಮಂಡಿಯೂರುವ ಮೊದಲು ಸುತ್ತ ಒಂದು ಮಾರು ನೆಲವನ್ನು, ತಲೆಮಟ್ಟದ ಕೊಂಬೆಗಳನ್ನು ಟಾರ್ಚಿನಲ್ಲಿ ನೋಡಿ, ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಚೇಳುಗಳು ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಹಸಿರುನೀಲಿಯಾಗಿ ಹೊಳೆಯುತ್ತವೆ. ಚಿತ್ರಕ್ಕೂ ಎಚ್ಚರಿಕೆಗೂ ಆ ಟಾರ್ಚ್ ಒಳ್ಳೆಯದು, ಆದರೆ ಆ ಬೆಳಕು ಅವುಗಳ ಮೇಲೆ ಬಹಳ ಹೊತ್ತು ಬೀಳಬಾರದು. ಮಳೆಗಾಲದಲ್ಲಿ ಉಂಬಳಕ್ಕೆ ದಪ್ಪ ಕಾಲುಚೀಲ ಸಾಕು. ಬೇಸಿಗೆಯ ಉಣುಗು ಅದಕ್ಕಿಂತ ಗಂಭೀರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಉತ್ತರ ಕನ್ನಡದಲ್ಲೂ ಅದರ ಪ್ರಕರಣಗಳಿವೆ. ನವೆಂಬರ್‌ನಿಂದ ಮೇ ತನಕ ದರಕಿನ ಮೇಲೆ ಮಲಗಿ ಚಿತ್ರ ತೆಗೆಯುವುದನ್ನು ಬಿಡಿ, ಮೈಮುಚ್ಚುವ ಬಟ್ಟೆ ಧರಿಸಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡ ಜಾಗದಿಂದ ದೂರವಿದ್ದು ಆರೋಗ್ಯ ಇಲಾಖೆಗೆ ತಿಳಿಸಿ. ಭತ್ತ ತೆನೆಗಟ್ಟುವ ತಿಂಗಳುಗಳಲ್ಲಿ ದಾಂಡೇಲಿ ಕಡೆಯ ಆನೆಗಳು ಹಳಿಯಾಳ, ಮುಂಡಗೋಡದ ಗದ್ದೆಗಳಿಗೆ ಬರುತ್ತವೆ, ಜೋಯಿಡಾದಲ್ಲಿ ಕರಡಿಯ ಭಯವಿದೆ. ನಸುಕು, ಮುಸ್ಸಂಜೆಗಳಲ್ಲಿ ಊರಿನವರೊಬ್ಬರನ್ನು ಜೊತೆಗಿಟ್ಟುಕೊಂಡೇ ಹೊರಡಿ, ಅವರ ದಿನದ ಕೆಲಸಕ್ಕೆ ತಕ್ಕ ಸಂಬಳ ಕೊಡಿ.

ಇಷ್ಟೆಲ್ಲ ಹೇಳಿದ ಮೇಲೆ ಆರಂಭಕ್ಕೆ ಬೇಕಾದ್ದು ಒಂದೇ: ಪ್ರತಿ ತಿಂಗಳೂ ಹೋಗಬಹುದಾದ ಒಂದು ಜಾಗ. ದೂರದ ಜಲಪಾತಕ್ಕೆ ಒಮ್ಮೆ ಹೋಗಿ ನೂರು ಚಿತ್ರ ತರುವುದಕ್ಕಿಂತ ಮನೆಯ ಹತ್ತಿರದ ಒಂದು ಮೋರಿ, ಒಂದು ಕೆರೆಯ ತೂಬು, ಒಂದು ಹಲಸಿನ ಮರದ ಬುಡವನ್ನು ಹನ್ನೆರಡು ತಿಂಗಳು ನೋಡುವುದು ಹೆಚ್ಚು ಹೇಳುತ್ತದೆ. ಜೂನ್‌ನಲ್ಲಿ ಅಲ್ಲಿ ಯಾವ ಕಪ್ಪೆ ಕೂಗಿತು, ಅಕ್ಟೋಬರ್‌ನಲ್ಲಿ ಯಾವ ಜೇಡ ಬಲೆ ಕಟ್ಟಿತು, ಮುಂದಿನ ಜೂನ್‌ನಲ್ಲಿ ಅದೇ ಕಪ್ಪೆ ಮರಳಿತೇ ಎಂಬ ಲೆಕ್ಕ ಬಂದುಹೋಗುವ ಪ್ರವಾಸಿಗೆ ಸಿಗುವುದಲ್ಲ. ಅದು ಹಳಿಯಾಳದ ಶಾಲಾ ಮಕ್ಕಳಿಗೆ, ಮುಂಡಗೋಡದ ಕೃಷಿಕರಿಗೆ, ಜೋಯಿಡಾದ ಹೋಂಸ್ಟೇ ನಡೆಸುವವರಿಗೆ, ದಾಂಡೇಲಿಯ ಕಾರ್ಖಾನೆ ಕೆಲಸ ಮುಗಿಸಿ ನಡೆದು ಮನೆಗೆ ಹೋಗುವವರಿಗೆ ಸಾಧ್ಯ. ಬಿಳಿ ಬೆನ್ನಿನ ಆ ಏಡಿಗೆ ಹೆಸರು ಬಂದದ್ದು ಹೀಗೆ ಅದೇ ಕಾಡಿನಲ್ಲಿ ದಿನವೂ ನಡೆಯುವವರ ಕಣ್ಣು ಅದರ ಮೇಲೆ ನಿಂತದ್ದರಿಂದ. ಹನ್ನೆರಡು ತಿಂಗಳ ಆ ಚಿತ್ರಗಳ ಪಕ್ಕದಲ್ಲಿ ಊರು, ದಿನ, ಗಿಡ, ಹೊತ್ತು ಬರೆದಿದ್ದರೆ, ಇಪ್ಪತ್ತು ವರ್ಷದ ಮೇಲೆ ಅದೇ ಮೋರಿಗೆ ಬರುವ ಇನ್ನೊಬ್ಬರು ಏನು ಉಳಿದಿದೆ, ಏನು ಹೋಗಿದೆ ಎಂದು ಹೋಲಿಸಿ ನೋಡಬಲ್ಲರು.